ಮಗಳ ಮೊದಲ ಲ್ಯಾಪ್‌ಟಾಪ್: ಹೊಸದೋ, ಹಳೆಯದೋ?

ಬಾಗಲಕೋಟೆಯ ನವನಗರದಲ್ಲಿ 14 ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿರುವ ನಮ್ಮ ಅಂಕಣಕಾರರು ಈ ಸಲ ಎರಡು ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಅಣ್ಣಾವ್ರೇ, ನಾವು ನೇಕಾರರು. ಮನೆಯಲ್ಲೇ ಮಗ್ಗ ಇದೆ. ಮಗಳು ಒಂಬತ್ತನೇ ಕ್ಲಾಸ್. ಶಾಲೆಯಲ್ಲಿ ಪ್ರಾಜೆಕ್ಟು, ಪಿಪಿಟಿ ಅಂತ ಕೊಡುತ್ತಾರೆ. ಮೊಬೈಲಿನಲ್ಲೇ ಮಾಡಿ ಮಾಡಿ ಕಣ್ಣು ನೋವು ಅಂತಾಳೆ. ಸಂಘದ ಉಳಿತಾಯದಿಂದ 25 ಸಾವಿರ ಜೋಡಿಸಿದ್ದೇವೆ. ಅಂಗಡಿಯಲ್ಲಿ 22 ಸಾವಿರಕ್ಕೆ ಹೊಸ ಲ್ಯಾಪ್‌ಟಾಪ್ ಇದೆ ಅಂದರು. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ತಗೊಳ್ಳಬಹುದಾ? ಸೆಕೆಂಡ್ ಹ್ಯಾಂಡ್ ತಗೊಂಡರೆ ಮೋಸ ಆಗುತ್ತೆ ಅಂತ ಮನೆಯವರಿಗೆ ಭಯ.
– ಓದುಗರು, ಗುಳೇದಗುಡ್ಡ

ಉತ್ತರ: ಅಕ್ಕಾವ್ರೇ, ಆ ಚೀಟಿಯಲ್ಲಿ ಬರೆದಿರೋದನ್ನು ತಗೋಬೇಡಿ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ.

ಯಾಕೆ ಅಂತ ಹೇಳ್ತೀನಿ. ರ‍್ಯಾಮ್ ಅನ್ನೋದು ನಿಮ್ಮ ಮಗ್ಗದ ಹಣಿಗೆ ಇದ್ದ ಹಾಗೆ. ಮನೆ ತುಂಬ ನೂಲಿದ್ದರೂ ಹಣಿಗೆ ಎಷ್ಟು ಅಗಲವೋ ಬಟ್ಟೆ ಅಷ್ಟೇ ಅಗಲ. 4 ಜಿಬಿಯಲ್ಲಿ ಹೆಚ್ಚಿನ ಪಾಲನ್ನು ವಿಂಡೋಸ್ 11 ತಾನೇ ಹಿಡಿದುಕೊಳ್ಳುತ್ತದೆ. ಮಗಳು ಒಂದು ಕಡೆ ವಿಡಿಯೋ ಪಾಠ, ಇನ್ನೊಂದು ಕಡೆ ಪಿಪಿಟಿ ತೆರೆದರೆ ಸಾಕು, ಮೌಸ್ ಅಲ್ಲಾಡಿಸಿದ ಮೇಲೆ ಬಾಣ ಸರಿಯಲು ಕಾಯಬೇಕಾಗುತ್ತದೆ. ಇನ್ನು ಆ 64 ಜಿಬಿ ಇಎಂಎಂಸಿ, ಅಂದರೆ ಫೈಲುಗಳನ್ನು ಇಡುವ ಜಾಗ, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಜಾಗ. ಮಗಳ ಫೈಲುಗಳಿಗೆ ಉಳಿಯುವುದು ಬಹಳ ಕಡಿಮೆ.

ಇದು ನಮ್ಮ ಮನೆಯಲ್ಲೇ ಆಗಿದೆ. ಜಮಖಂಡಿಯಲ್ಲಿರುವ ನನ್ನ ತಮ್ಮ ಅವನ ಮಗಳಿಗೆ ಇಂಥದ್ದೇ ಹೊಸದು ತಂದಿದ್ದ. ಒಂದೂವರೆ ವರ್ಷ ಆಗಿರಬೇಕು. ಒಂದು ರಾತ್ರಿ ಹತ್ತು ಗಂಟೆಗೆ ಆ ಹುಡುಗಿ ಫೋನ್ ಮಾಡಿ ಅತ್ತಳು. ಬೆಳಿಗ್ಗೆ ಪ್ರಾಜೆಕ್ಟ್ ಕೊಡಬೇಕು, 'ಜಾಗ ಇಲ್ಲ' ಅಂತ ಬರ್ತಿದೆ, ಅಪ್‌ಡೇಟ್ ಅರ್ಧಕ್ಕೆ ನಿಂತಿದೆ. ತನ್ನ ಫೋಟೋಗಳನ್ನೆಲ್ಲ ಅಳಿಸಿದ್ದಳು ಪಾಪ, ಆದರೂ ಸಾಲಲಿಲ್ಲ. ಮುಂದಿನ ಭಾನುವಾರ ಹೋಗಿ ಬಿಚ್ಚಿ ನೋಡಿದೆ. ಇಎಂಎಂಸಿ, ರ‍್ಯಾಮ್ ಎರಡೂ ಬೋರ್ಡಿಗೇ ಬೆಸುಗೆ ಹಾಕಿದವು. ಬೇರೆ ಹಾಕೋಣ ಅಂದರೆ ಖಾಲಿ ಸ್ಲಾಟೂ ಇಲ್ಲ. ದಿನಾ ಇದೇ ಕೆಲಸ ಮಾಡುವ ನಾನು ನಮ್ಮ ಮನೆಯ ಕೂಸಿಗೆ ಏನೂ ಮಾಡಲಾಗದೆ ಸ್ಕ್ರೂ ಮುಚ್ಚಿ ಬಂದೆ. ಅವತ್ತಿನಿಂದ ಯಾರು ಕೇಳಿದರೂ ಮೊದಲು ಹೇಳೋದು ಒಂದೇ: 8 ಜಿಬಿ ರ‍್ಯಾಮ್, ಫೈಲುಗಳಿಗೆ 256 ಜಿಬಿ ಎಸ್‌ಎಸ್‌ಡಿ. ಇದಕ್ಕಿಂತ ಕೆಳಗೆ ಇಳಿಯಬೇಡಿ.

ಹೊಸದರಲ್ಲಿ ಇಷ್ಟು ಬೇಕು, ಪ್ರೊಸೆಸರೂ ಚೆನ್ನಾಗಿರಬೇಕು ಅಂದರೆ 25 ಸಾವಿರ ಸಾಲದು. ಅದಕ್ಕಾಗಿ ಸಾಲ ಮಾಡಬೇಡಿ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಿಗೆ ಮಾರಿಬಿಡುವ ಆಫೀಸ್ ಲ್ಯಾಪ್‌ಟಾಪ್‌ಗಳಿವೆ. ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್ ಇಂಥವು. ಹೊಸದಿದ್ದಾಗ ದುಬಾರಿ ಮಾಲು. ಗಟ್ಟಿ ಇರುತ್ತವೆ, ಬಿಡಿಭಾಗಗಳೂ ಸಿಗುತ್ತವೆ. ನಮ್ಮ ಕಡೆ ನಾನು ನೋಡಿದಂತೆ ಒಳ್ಳೆಯದು 18ರಿಂದ 22 ಸಾವಿರದೊಳಗೆ ಬರುತ್ತದೆ. 20ರ ಆಸುಪಾಸಿನದ್ದು ನೋಡಿ. ಮಿಕ್ಕಿದ ಹಣ ಕೈಯಲ್ಲಿರಲಿ, ಬ್ಯಾಟರಿ ಹಾಕಿಸುವ ಖರ್ಚು ಬಂದರೂ ಬರಬಹುದು.

ನಿಮ್ಮ ಮನೆಯವರ ಭಯ ಸುಳ್ಳಲ್ಲ. ಹಳೆಯದರಲ್ಲಿ ಮೋಸ ಆಗುತ್ತದೆ. ಜಾಸ್ತಿ ಆಗೋದು 'ಐ5' ಸ್ಟಿಕ್ಕರಿನಲ್ಲಿ. ಐ5 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರಿನ ಹೆಸರು, ಹತ್ತು ವರ್ಷದ ಹಿಂದೆಯೂ ಇತ್ತು, ಈಗಲೂ ಇದೆ. ಅದರ ಮುಂದಿನ ಅಂಕಿ ನೋಡಬೇಕು. ಐ5-8350ಯು ಅಂತಿದ್ದರೆ ಎಂಟನೇ ಪೀಳಿಗೆ. 6300 ಅಂತಿದ್ದರೆ ಆರನೆಯದು, ಬಿಟ್ಟುಬಿಡಿ. ಇಂಟೆಲ್‌ನಲ್ಲಿ ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಬಹುತೇಕ ಎಂಟನೇ ಪೀಳಿಗೆಯಿಂದ ಮುಂದಿನವುಗಳಲ್ಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಅದಕ್ಕೇ ಈಗ ಹಳೆಯ ಪೀಳಿಗೆಯವು ಅಗ್ಗಕ್ಕೆ ಕಾಣುತ್ತವೆ.

ಅಂಗಡಿಗೆ ಮಗಳನ್ನು ಕರೆದುಕೊಂಡೇ ಹೋಗಿ. ಅವಳೇ ಕೂತು ನೋಡಲಿ. ನೋಟ್‌ಪ್ಯಾಡ್ ತೆರೆದು ಒಂದೊಂದು ಕೀಲಿಯನ್ನೂ ಒತ್ತಲಿ, ಎಫ್ ಕೀಲಿಯನ್ನಂತೂ ನಾಲ್ಕು ಸಲ. 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಬರೋದು ಆ ಕೀಲಿಯಿಂದ. ಅದು ಕೈಕೊಟ್ಟರೆ 'ಅಕ್ಕ' ಅಂತ ಬರೆಯಲು ಹೋದರೆ 'ಅಕಕ' ಆಗುತ್ತದೆ. ಆಮೇಲೆ ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಒಂದು ವಿಡಿಯೋ ಓಡಿಸಲಿ, ಅದರ ಜೊತೆಗೇ ಪಿಪಿಟಿ ತೆರೆಯಲಿ. ಪರದೆಯನ್ನು ಹಿಂದೆ ಮುಂದೆ ಮಾಡಿದಾಗ ಕೀಲಿನಿಂದ ಕಟಕಟ ಸದ್ದು ಬಂದರೆ ಬೇಡ ಅನ್ನಿ.

'ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಿ' ಅಂತ ಕೇಳಿ. ವಿಂಡೋಸ್‌ನಲ್ಲೇ ಬರುತ್ತದೆ, ಅರ್ಧ ನಿಮಿಷದ ಕೆಲಸ. ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು 60,000 ಇದ್ದು ಎರಡನೆಯದು 45,000 ಇದ್ದರೆ ಬ್ಯಾಟರಿ ಮುಕ್ಕಾಲು ಪಾಲು ಉಳಿದಿದೆ, ಪರವಾಗಿಲ್ಲ. ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಇಳಿಸಲು ಹೇಳಿ. ಆನ್ ಮಾಡಿದಾಗ ಯಾವುದೋ ಕಂಪನಿಯ ಹೆಸರು ಬಂದು ಆಫೀಸಿನ ಇ-ಮೇಲ್ ಕೇಳಿದರೆ ಎಷ್ಟೇ ಅಗ್ಗ ಆದರೂ ಮುಟ್ಟಬೇಡಿ. ಆ ಬೀಗ ನಮ್ಮಂಥವರಿಂದ ತೆಗೆಯಲಾಗದು.

ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ, ಎಷ್ಟು ತಿಂಗಳು ಗ್ಯಾರಂಟಿ ಅಂತಲೂ ಬರೆಸಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾವಿರ ರೂಪಾಯಿ ಕಡಿಮೆಗೆ ಸಿಗಬಹುದು. ಆದರೆ ಕೆಟ್ಟಾಗ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗೋಕಾಗುತ್ತಾ? ಬಾಗಲಕೋಟೆ, ಬಾದಾಮಿ, ಇಲ್ಲವೆಂದರೆ ಹುಬ್ಬಳ್ಳಿಯಲ್ಲೇ ನೋಡಿ.

ಇನ್ನೊಂದು ಮಾತು, ಮಗ್ಗದ ಮನೆಯವರಿಗೇ ಬೇಕಾದದ್ದು. ಗುಳೇದಗುಡ್ಡ, ಇಳಕಲ್ಲ, ರಬಕವಿ-ಬನಹಟ್ಟಿಯಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದಾಗ ಫ್ಯಾನಿನ ಬಾಯಿಗೆ ಬೂದು ಬಣ್ಣದ ಒಂದು ಪದರ ಕೂತಿರುತ್ತದೆ. ಚಿಮಟದಲ್ಲಿ ಹಿಡಿದು ಎಳೆದರೆ ಬಟ್ಟೆಯ ತುಂಡಿನ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ನೂಲಿನ ಧೂಳು ಅದು. ಗಾಳಿ ಆಡದೆ ಯಂತ್ರ ಕಾಯುತ್ತದೆ, ನಿಧಾನ ಆಗುತ್ತದೆ, ಬೇಸಿಗೆಯಲ್ಲಂತೂ ತಾನೇ ಆಫ್ ಆಗುತ್ತದೆ. ಮಗ್ಗದ ಕೋಣೆಯಲ್ಲಿ ಇಡಬೇಡಿ. ಆರು ತಿಂಗಳಿಗೊಮ್ಮೆ ಫ್ಯಾನ್ ಸ್ವಚ್ಛ ಮಾಡಿಸಿ. ಮಗಳು ಕೌದಿ ಮೇಲೆ ಇಟ್ಟುಕೊಂಡು ಓದೋದು ಬೇಡ, ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಒಂದು ಮರದ ಮಣೆ ಕೊಡಿ, ಸಾಕು. ಗುಡುಗು ಮಿಂಚು ಶುರುವಾದರೆ ಚಾರ್ಜರ್ ಕಿತ್ತುಬಿಡಲಿ, ಬ್ಯಾಟರಿ ಮೇಲೆ ನಡೆಯುತ್ತದೆ.

ಸಾಫ್ಟ್‌ವೇರಿಗೆ ದುಡ್ಡು ಬೇಡ. ಪತ್ರ, ಪಿಪಿಟಿ, ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಇದೆ. ಗಣಿತಕ್ಕೆ ಜಿಯೋಜೀಬ್ರಾ. ಎರಡೂ ಉಚಿತ.

ಪ್ರಶ್ನೆ: ನಾನು ಹತ್ತನೇ ಕ್ಲಾಸ್. ಪರೀಕ್ಷೆಗೆ ಇನ್ನು ಮೂರು ತಿಂಗಳಿದೆ. ಅಪ್ಪ ಟ್ಯಾಬ್ ಕೊಡಿಸುತ್ತೇನೆ ಅಂತಾರೆ, ನನಗೆ ಲ್ಯಾಪ್‌ಟಾಪ್ ಆಸೆ. ಯಾವುದು ಸರಿ?
– ವಿದ್ಯಾರ್ಥಿ, ಇಂಡಿ ತಾಲ್ಲೂಕು

ಉತ್ತರ: ತಮ್ಮಾ, ಈ ಮೂರು ತಿಂಗಳಿಗೆ ಎರಡೂ ಬೇಡ. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ಪಾಠ ಸಿಗುತ್ತದೆ, ಅದಕ್ಕೆ ಮನೆಯ ಮೊಬೈಲೇ ಸಾಕು. ಟೈಪ್ ಮಾಡುವ ಕೆಲಸ ಇದ್ದರೆ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕಂಪ್ಯೂಟರ್ ಇದೆಯಾ ಅಂತ ಕೇಳು, ಹಲವು ಕಡೆ ಇಟ್ಟಿದ್ದಾರೆ. ಅಪ್ಪನಿಗೆ ಆ ದುಡ್ಡು ಹಾಗೇ ಇಡಲು ಹೇಳು. ನೀನು ಡಿಪ್ಲೊಮಾಗೆ ಹೋದರೆ ಬೇಕಾಗುವ ಯಂತ್ರವೇ ಬೇರೆ, ಪಿಯುಸಿ ಕಲಾ ವಿಭಾಗಕ್ಕೆ ಹೋದರೆ ಬೇರೆ. ರಿಸಲ್ಟ್ ಬಂದು ಅಡ್ಮಿಷನ್ ಆದ ಮೇಲೆ ಯಾವ ಕೋರ್ಸು, ಕೈಯಲ್ಲಿ ಎಷ್ಟು ದುಡ್ಡಿದೆ ಅಂತ ಇನ್ನೊಂದು ಪತ್ರ ಬರಿ. ಆಗ ಕೂತು ನೋಡೋಣ.