ತಾತನ ಗರಡಿ, ಮೊಮ್ಮಕ್ಕಳ ಮೈಕಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ಮೈಸೂರು ದಸರಾ ನಾಡಕುಸ್ತಿಯಲ್ಲಿ ಅಖಾಡಕ್ಕಿಳಿದಿದ್ದ ಪೈಲ್ವಾನರು. 16 ವರ್ಷದ ನನ್ನ ದೊಡ್ಡ ಮಗ ಅವರಂತೆಯೇ ಗಟ್ಟಿಮುಟ್ಟಾಗಿದ್ದು ಗರಡಿಗೆ ಹೋಗುತ್ತಿದ್ದಾನೆ. 13 ವರ್ಷದ ಚಿಕ್ಕವನು ಕಡ್ಡಿಯಂತಿದ್ದಾನೆ, ಆದರೆ ನಾಲೆಯ ಏರಿಯ ಮೇಲೆ ಎಷ್ಟು ದೂರ ಓಡಿದರೂ ದಣಿಯುವುದಿಲ್ಲ. ಜೊಲ್ಲಿನ ಪರೀಕ್ಷೆ ಮಾಡಿಸಿದರೆ ವಂಶವಾಹಿ ನೋಡಿ ಯಾರು ಯಾವ ಆಟಕ್ಕೆ ಸರಿ ಎಂದು ಹೇಳುತ್ತಾರಂತೆ. ಮಾಡಿಸಬಹುದೇ?
ಓದುಗರೊಬ್ಬರು, ಮಂಡ್ಯ

ಉತ್ತರ: ಆ ಹಣದಲ್ಲಿ ಇಬ್ಬರಿಗೂ ಹಾಲು, ಮೊಟ್ಟೆ ಕೊಡಿಸಿ ಎಂದೇ ನಾನು ಹೇಳುತ್ತೇನೆ. ಕಾರಣವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಸ್ನಾಯುಗಳಲ್ಲಿರುವ ಎಳೆಗಳು ಸ್ಥೂಲವಾಗಿ ಎರಡು ಬಗೆಯವು. ನಿಧಾನ ಎಳೆಗಳು ಆಮ್ಲಜನಕವನ್ನು ಬಳಸಿಕೊಂಡು ಬಹಳ ಹೊತ್ತು ದಣಿಯದೆ ದುಡಿಯುತ್ತವೆ. ವೇಗದ ಎಳೆಗಳು ಒಮ್ಮೆಲೇ ಹೆಚ್ಚು ಬಲವನ್ನು ಹೊಮ್ಮಿಸಿ ಬೇಗನೆ ಸೋಲುತ್ತವೆ. ಎದುರಾಳಿಯನ್ನು ಎತ್ತಿ ಕೆಡಹುವ ಗಳಿಗೆಯಲ್ಲಿ ವೇಗದ ಎಳೆಗಳು ಮುಂದಾಗುತ್ತವೆ, ನಾಲೆ ಏರಿಯ ಓಟವನ್ನು ನಿಧಾನ ಎಳೆಗಳು ಹೊರುತ್ತವೆ. ಸಾಮಾನ್ಯರ ತೊಡೆಯಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಪಾಲಿನಲ್ಲಿದ್ದರೆ, ಉನ್ನತ ಮಟ್ಟದ ಮ್ಯಾರಥಾನ್ ಓಟಗಾರರಲ್ಲಿ ನಿಧಾನ ಎಳೆಗಳದ್ದೇ ಮೇಲುಗೈ, 100 ಮೀಟರ್ ಓಟಗಾರರಲ್ಲಿ ವೇಗದ ಎಳೆಗಳದ್ದು. ಈ ಪಾಲು ಒಬ್ಬರಿಂದ ಒಬ್ಬರಿಗೆ ಬೇರೆಯಾಗುವುದರಲ್ಲಿ ಸುಮಾರು ಅರ್ಧದಷ್ಟು ಭಾಗಕ್ಕೆ ಅನುವಂಶೀಯತೆ ಕಾರಣವೆಂಬುದು ಅವಳಿಗಳ ಮತ್ತು ಒಡಹುಟ್ಟಿದವರ ಅಧ್ಯಯನಗಳಿಂದ ಬಂದ ಅಂದಾಜು. ಇದನ್ನು ‘ಹುಡುಗನ ಬಲದಲ್ಲಿ ಅರ್ಧ ಅವನ ತಾತನದು’ ಎಂದು ಓದಿಕೊಳ್ಳಬಾರದು. ಇದು ಒಂದು ಜನಸಮೂಹದೊಳಗಿನ ವ್ಯತ್ಯಾಸದ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಯ ಆಸ್ತಿ ವಿಭಾಗವಲ್ಲ.

ಜೊಲ್ಲಿನ ಪರೀಕ್ಷೆಯವರು ಸಾಮಾನ್ಯವಾಗಿ ಮುಂದಿಡುವುದು 11ನೇ ವರ್ಣತಂತುವಿನಲ್ಲಿರುವ ಎಸಿಟಿಎನ್-3 ಎಂಬ ವಂಶವಾಹಿಯನ್ನು. ವೇಗದ ಎಳೆಗಳಲ್ಲಿ ಮಾತ್ರ ಇರುವ ಆಲ್ಫಾ ಆಕ್ಟಿನಿನ್-3 ಎಂಬ ಪ್ರೋಟೀನನ್ನು ತಯಾರಿಸುವುದು ಇದರ ಕೆಲಸ. ತಂದೆ, ತಾಯಿ ಇಬ್ಬರಿಂದಲೂ ಕೆಲಸ ಮಾಡದ ಪ್ರತಿಯೇ ಬಂದವರಲ್ಲಿ ಈ ಪ್ರೋಟೀನ್ ಇರುವುದೇ ಇಲ್ಲ. ಇದು ಕಾಯಿಲೆಯಲ್ಲ, ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಜನರು ಹೀಗಿದ್ದಾರೆ. ಆಸ್ಟ್ರೇಲಿಯಾದ ಕ್ರೀಡಾಪಟುಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥವರು ಸಾಮಾನ್ಯ ಜನರಲ್ಲಿ ಶೇ 18ರಷ್ಟಿದ್ದರೆ, ವೇಗ ಮತ್ತು ಬಲದ ಆಟಗಳವರಲ್ಲಿ ಶೇ 6ರಷ್ಟು ಮಾತ್ರ ಇದ್ದರು. ದೀರ್ಘ ದೂರದ ಆಟಗಳವರಲ್ಲಿ ಶೇ 24ರಷ್ಟಿದ್ದರು. ನಿಮ್ಮ ಮಕ್ಕಳಿಬ್ಬರ ಭಿನ್ನತೆಯಲ್ಲಿ ಅಚ್ಚರಿ ಇಲ್ಲ ಎನ್ನುವುದಕ್ಕೂ ಇದೇ ವಂಶವಾಹಿ ಉದಾಹರಣೆಯಾಗಬಲ್ಲದು. ನೀವು ದಂಪತಿಗಳಿಬ್ಬರಲ್ಲೂ ತಲಾ ಒಂದು ಒಳ್ಳೆಯ ಪ್ರತಿ, ಒಂದು ಕೆಲಸ ಮಾಡದ ಪ್ರತಿ ಇದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ಆ ಪ್ರೋಟೀನ್ ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಹಾಗಾದರೆ ಪರೀಕ್ಷೆ ಬೇಡವೇಕೆ? ಬಲದ ಮೇಲೆ ಪ್ರಭಾವ ಬೀರುವ ವಂಶವಾಹಿಗಳು ನೂರಾರಿವೆ. ಅವುಗಳಲ್ಲಿ ಒಂದರ ಪಾಲು, ಅದು ಎಸಿಟಿಎನ್-3 ಆದರೂ, ಬಹಳ ಚಿಕ್ಕದು. ಆ ಪ್ರೋಟೀನ್ ಇಲ್ಲದೆಯೂ ಒಲಿಂಪಿಕ್ಸ್ ತಲುಪಿದ ಸ್ಪೇನಿನ ಉದ್ದಜಿಗಿತದ ಆಟಗಾರರೊಬ್ಬರ ದಾಖಲೆಯಿದೆ. ಇಂಥ ಪರೀಕ್ಷೆಗಳಿಂದ ಪ್ರತಿಭೆಯನ್ನು ಗುರುತಿಸಲಾಗದು ಎಂದು ಕ್ರೀಡಾ ವಿಜ್ಞಾನದ ತಜ್ಞರು 2015ರಲ್ಲಿಯೇ ಒಮ್ಮತದ ಹೇಳಿಕೆ ನೀಡಿದ್ದಾರೆ. ಕುಸ್ತಿಗಂತೂ ಎರಡೂ ಬಗೆಯ ಎಳೆಗಳು ಬೇಕು: ಪಟ್ಟು ಹಾಕಲು ಒಂದು, ಹಿಡಿದ ಪಟ್ಟನ್ನು ಬಿಡದಿರಲು ಇನ್ನೊಂದು. ಮೇಲಾಗಿ 13 ವರ್ಷದ ಹುಡುಗನ ಮೈಯಲ್ಲಿ ಪ್ರಾಯದ ಹಾರ್ಮೋನುಗಳು ಇನ್ನೂ ತಮ್ಮ ಕೆಲಸ ಮುಗಿಸಿಲ್ಲ. ಅವನನ್ನು ಓಡಲು ಬಿಡಿ. ಅಣ್ಣನೊಡನೆ ಗರಡಿಯ ಮಟ್ಟಿಗೂ ಇಳಿಯುತ್ತೇನೆಂದರೆ ತಡೆಯಬೇಡಿ.

ಪ್ರಶ್ನೆ: ಮೈತುಂಬಾ ಮಾಂಸದ ಗಂಟುಗಳಿರುವ ಬೆಲ್ಜಿಯಂ ದೇಶದ ಹೋರಿಗಳ ವಿಡಿಯೊ ನೋಡಿದೆ. ಅವಕ್ಕೆ ಇಂಜೆಕ್ಷನ್ ಕೊಡುತ್ತಾರೆಯೇ? ನಮ್ಮ ಹಳ್ಳಿಕಾರ್ ಹೋರಿಗಳನ್ನೂ ಹಾಗೆ ಮಾಡಬಹುದೇ?
ರೈತರೊಬ್ಬರು, ಮಳವಳ್ಳಿ

ಉತ್ತರ: ಇಂಜೆಕ್ಷನ್ ಅಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಮಯೋಸ್ಟ್ಯಾಟಿನ್ ಎಂಬ ಪ್ರೋಟೀನ್ ಎಲ್ಲ ಸಸ್ತನಿಗಳಲ್ಲಿಯೂ ಇರುತ್ತದೆ. ಬೆಲ್ಜಿಯನ್ ಬ್ಲೂ ತಳಿಯಲ್ಲಿ ಅದರ ವಂಶವಾಹಿಯೇ ಕೆಟ್ಟಿರುವುದರಿಂದ ಕಡಿವಾಣ ಕಳಚಿದಂತಾಗಿ ಎಳೆಗಳು ಸಂಖ್ಯೆಯಲ್ಲಿಯೂ ಗಾತ್ರದಲ್ಲಿಯೂ ಹೆಚ್ಚುತ್ತವೆ ಎಂಬುದು 1997ರಲ್ಲಿ ತಿಳಿಯಿತು. ಇದೇ ದೋಷದಿಂದಾಗಿ ಅಸಾಧಾರಣ ಸ್ನಾಯುಗಳೊಂದಿಗೆ ಹುಟ್ಟಿದ ಜರ್ಮನಿಯ ಮಗುವೊಂದರ ವರದಿ 2004ರಲ್ಲಿ ಪ್ರಕಟವಾಯಿತು. ಆದರೆ ಆ ತಳಿಯ ಹಸುಗಳಿಗೆ ಬಹುಪಾಲು ಸಿಸೇರಿಯನ್ ಮಾಡಿಯೇ ಕರುವನ್ನು ತೆಗೆಯಬೇಕಾಗುತ್ತದೆ. ಹಳ್ಳಿಕಾರ್ ತಳಿಯನ್ನು ನಮ್ಮ ಹಿರಿಯರು ಆರಿಸಿಕೊಂಡು ಬಂದದ್ದು ಉಳುಮೆಗೆ, ಗಾಡಿಗೆ, ಚುರುಕು ನಡಿಗೆಗೆ. ಅಂಥ ಮಾಂಸದ ಮೂಟೆಯನ್ನು ಹೊತ್ತ ಹೋರಿ ನಮ್ಮ ಬಿಸಿಲಿನಲ್ಲಿ ಒಂದು ಸಾಲು ಉಳುವುದೂ ಕಷ್ಟ.

ಪ್ರಶ್ನೆ: ನನಗೆ 61 ವರ್ಷ. ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಆದರೂ ನೆಲದಿಂದ ಥಟ್ಟನೆ ಏಳಲಾಗುವುದಿಲ್ಲ. ಇದು ವಂಶದಿಂದ ಬಂದದ್ದೇ?
ಗೃಹಿಣಿ, ಮೈಸೂರು

ಉತ್ತರ: ಅದಕ್ಕಿಂತ ಹೆಚ್ಚಾಗಿ ವಯಸ್ಸಿನಿಂದ ಬಂದದ್ದು. ವಯಸ್ಸಾದಂತೆ ಮೊದಲು ಸೊರಗುವುದು ವೇಗದ ಎಳೆಗಳೇ. ನಿಧಾನವಾಗಿ ಮೆಟ್ಟಿಲು ಹತ್ತುವಾಗ ಹೆಚ್ಚಿನ ಕೆಲಸವನ್ನು ನಿಧಾನ ಎಳೆಗಳೇ ನಿಭಾಯಿಸುತ್ತವೆ. ಭಾರ ಹೆಚ್ಚಾದಾಗ ಅಥವಾ ಚಲನೆ ಚುರುಕಾದಾಗ ಮಾತ್ರ ನರಗಳು ವೇಗದ ಎಳೆಗಳನ್ನು ಕೆಲಸಕ್ಕೆ ಕರೆಯುತ್ತವೆ. ಬೆಟ್ಟ ಹತ್ತುವುದನ್ನು ಬಿಡಬೇಡಿ, ಅದು ಹೃದಯಕ್ಕೆ ಒಳ್ಳೆಯದು. ಅದರ ಜೊತೆಗೆ ಕೈ ಊರದೆ ಕುರ್ಚಿಯಿಂದ ಚುರುಕಾಗಿ ಎದ್ದು ನಿಧಾನವಾಗಿ ಕೂರುವುದನ್ನು ಹತ್ತು ಬಾರಿಯಂತೆ ವಾರಕ್ಕೆರಡು ದಿನ ಮಾಡಿ. ಅದು ಸುಲಭವಾದ ಮೇಲೆ ಕೈಯಲ್ಲಿ ಎರಡು ನೀರಿನ ಬಾಟಲಿಗಳನ್ನು ಹಿಡಿದು ಮಾಡಿ. ರಕ್ತದೊತ್ತಡವಿದ್ದರೆ ಅಥವಾ ಮಂಡಿ ನೋವಿದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ.