ಸೋಂಪನ್ನು ಕುದಿಸಬೇಕೇ, ನೆನೆಸಬೇಕೇ?

ಪ್ರಶ್ನೆ: ಹೊಟ್ಟೆಯುಬ್ಬರಕ್ಕೆಂದು ಸೋಂಪಿನ ಕಷಾಯ ಕಾಯಿಸಿದರೆ ಅದಕ್ಕೆ ಪರಿಮಳವೇ ಇರುವುದಿಲ್ಲ. ಕುರ್ಮಾ ಮಸಾಲೆಗೆ ಹುರಿದರೆ ಕೆಲವೊಮ್ಮೆ ಕಹಿಯಾಗುತ್ತದೆ. ಸರಿಯಾದ ಕ್ರಮ ಯಾವುದು? ಮೂರು ತಿಂಗಳ ಮೊಮ್ಮಗಳಿಗೆ ಸೋಂಪಿನ ನೀರು ಕುಡಿಸಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಮಗುವಿನ ವಿಷಯ. ದಯವಿಟ್ಟು ಕುಡಿಸಬೇಡಿ. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲು ಸಾಕು, ನೀರು ಕೂಡ ಬೇಕಿಲ್ಲ. ಅಲ್ಲದೆ ಸೋಂಪಿನ ಎಣ್ಣೆಯಲ್ಲಿ ಎಸ್ಟ್ರಗೋಲ್ ಎಂಬ ಅಂಶ ಸ್ವಲ್ಪ ಪ್ರಮಾಣದಲ್ಲಿ ಇರುವುದರಿಂದ, ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 4 ವರ್ಷದೊಳಗಿನ ಮಕ್ಕಳಿಗೆ ಸೋಂಪಿನ ಚಹಾವನ್ನು ಶಿಫಾರಸು ಮಾಡುವುದಿಲ್ಲ. ಮಗು ಬಿಡದೆ ಅಳುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಇನ್ನು ಪರಿಮಳದ ಮಾತು. ಸೋಂಪಿನ ಸಿಹಿವಾಸನೆಗೆ ಮುಖ್ಯ ಕಾರಣ ಅದರಲ್ಲಿರುವ ಅನೆಥೋಲ್. ಇದು ಆವಿಯೊಂದಿಗೆ ಹಾರಿಹೋಗುವ ಎಣ್ಣೆಯ ಅಂಶ. ಪಾತ್ರೆಯ ಬಾಯಿ ತೆರೆದಿಟ್ಟು ಕಾಲು ಗಂಟೆ ಕುದಿಸಿದಾಗ ಅಡುಗೆಮನೆಯೆಲ್ಲ ಘಮಘಮಿಸುತ್ತದೆಯಲ್ಲ, ಆ ಘಮ ನಿಮ್ಮ ಲೋಟಕ್ಕೆ ಬರಬೇಕಾಗಿದ್ದದ್ದು. ಆಯುರ್ವೇದವು ಕುದಿಸಿ ಬತ್ತಿಸಿದ್ದನ್ನು ಕ್ವಾಥವೆಂದೂ ಬಿಸಿನೀರಿನಲ್ಲಿ ನೆನೆಸಿ ಸೋಸಿದ್ದನ್ನು ಫಾಂಟವೆಂದೂ ಬೇರ್ಪಡಿಸುತ್ತದೆ. ಸೋಂಪಿಗೆ ಒಗ್ಗುವುದು ಫಾಂಟವೇ. ಸುಮಾರು 2 ಗ್ರಾಂ, ಅಂದರೆ ಒಂದು ಚಿಕ್ಕ ಚಮಚದಷ್ಟು ಕಾಳನ್ನು ಆಗಲೇ ಒರಳಿನಲ್ಲಿ ತರಿತರಿಯಾಗಿ ಜಜ್ಜಿ, ಕುದಿದ ನೀರು ಒಂದು ಲೋಟ ಸುರಿದು, ತಟ್ಟೆ ಮುಚ್ಚಿ 15 ನಿಮಿಷ ಬಿಡಿ. ಮುಚ್ಚಳ ತೆಗೆಯುವಾಗ ಅದಕ್ಕೆ ಅಂಟಿದ ಹನಿಗಳನ್ನೂ ಲೋಟಕ್ಕೇ ಬೀಳಿಸಿ, ಏಕೆಂದರೆ ಆವಿಯಾಗಿ ಮೇಲೇರಿದ ಎಣ್ಣೆ ಅವುಗಳಲ್ಲಿ ಇರುತ್ತದೆ. ವಯಸ್ಕರಿಗೆ ವಾಯು ತುಂಬಿ ಹೊಟ್ಟೆ ಬಿಗಿದಾಗ ಇದು ಹಿತವೆನಿಸುತ್ತದೆ. ಎರಡು ವಾರ ಕಳೆದರೂ ತೊಂದರೆ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಬೇಕು; ಗರ್ಭಿಣಿಯರು ಔಷಧಿಯ ಪ್ರಮಾಣದಲ್ಲಿ ಕುಡಿಯದಿರುವುದು ಲೇಸು.

ಗ್ರಂಥಿಗೆ ಅಂಗಡಿಯಲ್ಲಿ ಕಾಳನ್ನು ನೋಡಿಯೇ ತೆಗೆದುಕೊಳ್ಳಿ. ಸೋಂಪು ಉದ್ದನೆಯ, ಹಸಿರು ಛಾಯೆಯ, ಗೆರೆಗೆರೆಯಾದ ಕಾಳು. ಸಬ್ಬಸಿಗೆ ಬೀಜವಾದರೋ ಚಪ್ಪಟೆ. ಅಂಚಿನಲ್ಲಿ ತೆಳು ರೆಕ್ಕೆಯಂತಹ ಪಟ್ಟಿಯಿರುತ್ತದೆ. ಸಂಸ್ಕೃತದಲ್ಲಿ ಸೋಂಪನ್ನು ಮಿಶ್ರೇಯಾ, ಸಬ್ಬಸಿಗೆಯನ್ನು ಶತಪುಷ್ಪಾ ಎನ್ನುವುದು ವಾಡಿಕೆಯಾದರೂ ಈ ಹೆಸರುಗಳು ಅನೇಕ ಕಡೆ ಅದಲುಬದಲಾಗಿವೆ.

ಕುರ್ಮಾ ಕಹಿಯಾಗುವುದು ಸೋಂಪು ಸೀದುಹೋಗುವುದರಿಂದ. ಕೊತ್ತಂಬರಿ ಬೀಜ, ಚೆಕ್ಕೆಗಳೊಂದಿಗೆ ಅದನ್ನೂ ಒಟ್ಟಿಗೆ ಬಾಣಲೆಗೆ ಹಾಕಿದರೆ, ಅವು ಹುರಿಯುವಷ್ಟರಲ್ಲಿ ಇದು ಕಪ್ಪಾಗಿರುತ್ತದೆ. ಒಲೆ ಆರಿಸಿದ ಬಳಿಕ, ಉಳಿದ ಕಾವಿನಲ್ಲೇ ಸೋಂಪನ್ನು ಹಾಕಿ ಕೈಯಾಡಿಸಿದರೆ ಸಾಕು. ಕಾಶ್ಮೀರಿ ಪಂಡಿತರು ಈರುಳ್ಳಿ, ಬೆಳ್ಳುಳ್ಳಿ ಬಳಸದೆ ಮಾಡುವ ಸಾರುಗಳಿಗೆ ಹುರಿಯದ ಸೋಂಪಿನ ಪುಡಿಯನ್ನೂ ಒಣಶುಂಠಿ ಪುಡಿಯನ್ನೂ ಬೆರೆಸುತ್ತಾರೆ. ಆ ಅಡುಗೆಯ ರುಚಿ ನಿಂತಿರುವುದೇ ಈ ಜೋಡಿಯ ಮೇಲೆ. ನಿಮ್ಮ ಕುರ್ಮಾಕ್ಕೂ ಕಾಲು ಚಮಚ ಹಸಿ ಪುಡಿಯನ್ನು ಇಳಿಸುವ ಮುನ್ನ ಉದುರಿಸಿ ನೋಡಿ.