ಮಕ್ಕಳಿಗೆ ಎರಡೆರಡು ಯೋಚನಾ ವಿಧಾನ ಜೋಡಿಸಿ ಯಾಕೆ ಕಲಿಸಬೇಕು, ಒಂದು ಸಾಲದಾ?

ಸಾಲದು. ಒಂದು ವಿಧಾನ ಮನಸ್ಸಿನಲ್ಲಿರುವುದನ್ನು ಹೊರಗೆ ತರುತ್ತದೆ, ಇನ್ನೊಂದು ಅದನ್ನು ತೂಗುತ್ತದೆ.

ಧಾರವಾಡದ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ, ಇಲ್ಲೇ ಕೃಷಿ ವಿವಿಯಲ್ಲಿ ಬಿಎಸ್ಸಿ ಅಗ್ರಿನಾ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗಾ ಅಂತ ಒದ್ದಾಡುತ್ತಿದ್ದಾಳೆ ಅನ್ನಿ. ಸುಮ್ನೆ ಎರಡೂ ಕೋರ್ಸಿಗೆ ಅಂಕ ಕೊಟ್ಟು ಹೋಲಿಸುವ ಪಟ್ಟಿ ಬರೆಸಿದರೆ ಫೀಸು, ನೌಕರಿ ಇಷ್ಟೇ ಬರುತ್ತವೆ. 'ದಿನಾ ಬಸ್ಸಲ್ಲಿ ನಿಂತು ಹೋಗೋಕೆ ನನ್ನಿಂದ ಆಗಲ್ಲ' ಅನ್ನೋದು ಬರುವುದಿಲ್ಲ. ಅದಕ್ಕೇ ಮೊದಲು, ಯೋಚಿಸುವ ವಿಧಾನಗಳ ಬಗ್ಗೆ ಪುಸ್ತಕ ಬರೆದ ಎಡ್ವರ್ಡ್ ಡಿ ಬೋನೋ ಅವರ ಆರು ಟೋಪಿ ವಿಧಾನ (ಯಾರಿಗೂ ಟೋಪಿ ಹಾಕೋದಲ್ಲ!): ಬಿಳಿ ಟೋಪಿಯಲ್ಲಿ ಬರೀ ಮಾಹಿತಿ, ಕೆಂಪಿನಲ್ಲಿ ಅನಿಸಿದ್ದು, ಕಪ್ಪಿನಲ್ಲಿ ಅಪಾಯ, ಹೀಗೆ ಒಂದು ಸಲಕ್ಕೆ ಒಂದೇ ಥರದ ಯೋಚನೆ.

ಆಮೇಲೆ ಪಟ್ಟಿ. ಫೀಸು, ನೌಕರಿ, ಬಸ್ಸಿನ ಓಡಾಟ ಇವುಗಳಲ್ಲಿ ಯಾವುದು ಎಷ್ಟು ಮುಖ್ಯ ಅಂತ 5ಕ್ಕೆ ಅಂಕ ಮೊದಲೇ ಹಾಕಿಸಿ, ಕೋರ್ಸುಗಳಿಗೆ ಅಂಕ ನಂತರ. ಉಲ್ಟಾ ಮಾಡಿದರೆ ಇಷ್ಟದ್ದೇ ಗೆಲ್ಲುವ ಹಾಗೆ ತಿದ್ದಿಬಿಡುತ್ತಾರೆ, ನಾನೂ ತಿದ್ದಿದ್ದೇನೆ.